ಮರಳು ಲಾರಿ ನಿಲ್ಲಬೇಕು, ಆಂಬುಲೆನ್ಸ್ ಹೋಗಬೇಕು: ಎರಡು ವಿಧಾನ ಮಾಡಿ ನೋಡಿದೆ

ಹೊಳೆ ದಡದಿಂದ ಪೇಟೆಗೆ ರಾತ್ರಿ ಕದ್ದು ಮರಳು ಸಾಗಿಸುವ ಲಾರಿಗಳನ್ನು ತಡೆಯಲು ಯಾವ ರಸ್ತೆಗಳನ್ನು ಮುಚ್ಚಬೇಕು? ಕಲಿಯಲೆಂದು ನಾನೇ 9 ಜಂಕ್ಷನ್, 14 ರಸ್ತೆಗಳ ನಕ್ಷೆ ಬರೆದುಕೊಂಡೆ. ಪ್ರತಿ ರಸ್ತೆಗೂ ಎರಡು ಅಂಕಿ: ರಾತ್ರಿಗೆ ಎಷ್ಟು ಲೋಡ್ ಹೋಗಬಹುದು, ಮುಚ್ಚಿದರೆ ಆಂಬುಲೆನ್ಸಿಗೆ ಎಷ್ಟು ನಿಮಿಷ ಸುತ್ತು. ಸುತ್ತನ್ನೆಲ್ಲ ಸುಮ್ನೆ ಕೂಡಿಸಿದೆ.

ಗುರಿ ಒಂದೇ ಆದರೆ ಇದು ಹಳೇ ಲೆಕ್ಕ. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ವರದಿಯೊಂದರಲ್ಲಿ ಹ್ಯಾರಿಸ್ ಮತ್ತು ರಾಸ್ ಸೋವಿಯತ್ ರೈಲು ಜಾಲವನ್ನು 44 ಬಿಂದು, 105 ಕೊಂಡಿಗಳಾಗಿ ಬರೆದರು. ಪೂರ್ವ ಯುರೋಪಿನ ಕಡೆಗೆ ಅತಿ ಇಕ್ಕಟ್ಟಾದ ಕಡೆ ಹೋಗಬಹುದಾದದ್ದು 1,63,000 ಟನ್ ಅಂತ ಹೇಳಿದರು. ನನಗೋ ಗುರಿ ಎರಡು, ಒಂದಕ್ಕೊಂದು ವಿರುದ್ಧ.

ಮೊದಲು ತೂಕದ ವಿಧಾನ ಹಿಡಿದೆ. ಒಂದು ನಿಮಿಷದ ಸುತ್ತು ಇಷ್ಟು ಲೋಡಿಗೆ ಸಮ ಅಂತ ಇಟ್ಟು ಎರಡನ್ನೂ ಕೂಡಿಸುವುದು. ಇದರಲ್ಲಿ ಒಂದು ಸೊಗಸಿದೆ: ಪ್ರತಿ ರಸ್ತೆಯ ಲೋಡ್, ಮುಚ್ಚುವ ದಂಡ (ಸುತ್ತಿನ ನಿಮಿಷಗಳನ್ನು ಲೋಡಿಗೆ ಬದಲಿಸಿದ್ದು), ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಆ ರಸ್ತೆಯ ಸಾಮರ್ಥ್ಯ ಅಂದುಕೊಂಡರೆ, ಮಾಮೂಲಿ ಕನಿಷ್ಠ ಕಡಿತದ ಲೆಕ್ಕವೇ ಸಾಕು: ಹೊಳೆಯನ್ನು ಪೇಟೆಯಿಂದ ಬೇರೆ ಮಾಡುವ ರಸ್ತೆಗಳ ಗುಂಪುಗಳಲ್ಲಿ ಒಟ್ಟು ಸಾಮರ್ಥ್ಯ ಅತಿ ಕಡಿಮೆ ಇರುವುದನ್ನು ಹುಡುಕುವುದು. ಪೈಥಾನ್ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು.

ಆದರೆ ನಾನು ಇಟ್ಟು ನೋಡಿದ ತೂಕಗಳಿಗೆಲ್ಲ ಎರಡೇ ಯೋಜನೆ ಬಂದವು. ಬಿಗಿಯದು: 2 ಲೋಡ್ ಉಳಿಯುತ್ತದೆ, 40 ನಿಮಿಷ ಸುತ್ತು. ಸಡಿಲದ್ದು: 20 ಲೋಡ್, 4 ನಿಮಿಷ. ನಡುವೆ ಏನೂ ಇಲ್ವಾ?

ಆಮೇಲೆ ಮಿತಿಯ ವಿಧಾನ. ಸುತ್ತು 25 ನಿಮಿಷ ದಾಟಬಾರದು ಅಂತ ಕಟ್ಟಿ, ಲೋಡ್ ಮಾತ್ರ ಇಳಿಸಲು ಹೇಳಿದೆ. 12 ಲೋಡ್, 24 ನಿಮಿಷದ ಯೋಜನೆ ಸಿಕ್ಕಿತು! ತೂಕಕ್ಕೆ ಯಾಕೆ ಕಾಣಲಿಲ್ಲ? ನಿಮಿಷಕ್ಕೆ ಅರ್ಧ ಲೋಡ್ ಇಟ್ಟು ನೋಡಿ. ಬಿಗಿಯದು 22, ಸಡಿಲದ್ದೂ 22, ನಡುವಿನದು 24. ಈ ಮೂರರಲ್ಲಿ, ತೂಕ ಅದಕ್ಕಿಂತ ಏರಿದರೆ ಸಡಿಲದ್ದು ಗೆಲ್ಲುತ್ತದೆ, ಇಳಿದರೆ ಬಿಗಿಯದು. ನಡುವಿನದಕ್ಕೆ ಸರದಿ ಬರುವುದೇ ಇಲ್ಲ.

ಇದಕ್ಕೆ ಬೆಲೆಯೂ ಇದೆ. ಮಿತಿ ಸೇರಿದ ಕೂಡಲೇ ಲೆಕ್ಕ ಸುಲಭದ ಸಾಲಿನಿಂದ ಕಷ್ಟದ ಸಾಲಿಗೆ ಹೋಗುತ್ತದೆ. ಜಾಲ ಬೆಳೆದಂತೆ ಕಾಯುವುದೂ ಜಾಸ್ತಿ. ಆದರೂ ನನ್ನ ಒಲವು ಮಿತಿಯ ಕಡೆಗೇ. ಈಗ ತೂಕದಿಂದ ಎರಡು ತುದಿ ಬೇಗ ಹಿಡಿಯುತ್ತೇನೆ, ನಡುವಿನ ಜಾಗವನ್ನು ಮಿತಿಯಿಂದ ಹುಡುಕುತ್ತೇನೆ.

ಒಂದು ಎಚ್ಚರ. 25ರ ಬದಲು 23 ಅಂತ ಮಿತಿ ಇಟ್ಟರೆ ನಡುವಿನ ಯೋಜನೆ ಮಾಯ, ಮತ್ತೆ 20 ಲೋಡಿನದೇ ಬರುತ್ತದೆ. ನಿಜವಾದ ರಸ್ತೆಗಳಿಗೆ ಇದನ್ನು ಮಾಡುವವರು ಆ ಸಂಖ್ಯೆಯನ್ನು ಮೊದಲು ಆಂಬುಲೆನ್ಸ್ ಓಡಿಸುವವರ ಹತ್ತಿರ ಕೇಳಿಕೊಂಡು ಬರಲಿ.