ಟ್ರಿಗರ್ ಹಾಕುವ ಮುಂಚೆ ನಮ್ಮ ಕಾಫಿ ಸೀಸನ್ನಿನ ಪಾಡು ಕೇಳಿ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆ) ತೂಕದ ಸಾಫ್ಟ್‌ವೇರ್ ಬರೆದವನು ನಾನು. ಡೇಟಾಬೇಸ್ ಪೋಸ್ಟ್‌ಗ್ರೆಸ್. ಪಿಕಪ್ ಬರುತ್ತದೆ, ಮೂಟೆ ತೂಗುತ್ತಾರೆ, ಬೆಳೆಗಾರರ ಕೈಗೆ ಚೀಟಿ ಹೋಗುತ್ತದೆ. ಗೋಡೌನ್‌ನಲ್ಲಿ ಒಟ್ಟು ಎಷ್ಟಿದೆ ಅಂತ ಯಾವಾಗ ನೋಡಿದರೂ ಕಾಣಬೇಕು ಎಂದರು ಮಾಲೀಕರು. ತೂಕದ ಟೇಬಲ್‌ಗೆ ಒಂದು ಟ್ರಿಗರ್ ಹಾಕಿದೆ, ಅಂದರೆ ಟೇಬಲ್ ಬದಲಾದಾಗ ಡೇಟಾಬೇಸ್ ತಾನಾಗಿಯೇ ಓಡಿಸುವ ಕೋಡ್. ಹೊಸ ಸಾಲು ಸೇರಿದ ಕೂಡಲೇ ಸ್ಟಾಕ್ ಟೇಬಲ್‌ನಲ್ಲಿ ಆ ಬಗೆಯ ಕಾಫಿಯ ಮೊತ್ತ ಏರುತ್ತದೆ, ಅಷ್ಟೇ. ಮಳೆಗಾಲದಲ್ಲಿ ಒಬ್ಬನೇ ಕೂತು ಪರೀಕ್ಷೆ ಮಾಡಿದಾಗ ಚೆನ್ನಾಗೇ ಓಡಿತು.

ಫೆಬ್ರವರಿ ಬಂತು. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಇನ್ನೂ ಬರುತ್ತಿತ್ತು, ರೊಬಸ್ಟಾ ಚೆರಿಯೂ (ಇಡೀ ಹಣ್ಣನ್ನೇ ಒಣಗಿಸಿದ್ದು) ಶುರುವಾಯಿತು. ಆರು ಕೌಂಟರ್, ಗೇಟಿನಾಚೆಗೂ ಗಾಡಿಗಳ ಸಾಲು. ಪರದೆ ನಿಂತೇ ಬಿಡುತ್ತಿತ್ತು. ಸರ್ವರ್ ಹಳೆಯದು ಅಂತ ಹೊಸದನ್ನೇ ತರಿಸಿದರು, ದುಡ್ಡು ಹೋಯಿತು, ಏನೂ ಬದಲಾಗಲಿಲ್ಲ. ಆಮೇಲೆ ಪಿಜಿ ಸ್ಟ್ಯಾಟ್ ಆಕ್ಟಿವಿಟಿ (ಯಾವ ಕನೆಕ್ಷನ್ ಈಗ ಏನು ಮಾಡುತ್ತಿದೆ ಅಂತ ಪೋಸ್ಟ್‌ಗ್ರೆಸ್ ತೋರಿಸುವ ಪಟ್ಟಿ) ತೆರೆದು ನೋಡಿದೆ. ಸಿಪಿಯು ಸುಮ್ನೆ ಕೂತಿದೆ, ಐದು ಕೌಂಟರ್ ಲಾಕ್‌ಗೆ ಕಾಯುತ್ತಿವೆ. ಒಂದು ಸಾಲನ್ನು ಒಬ್ಬರು ಬದಲಿಸುವಾಗ ಬೇರೆಯವರು ಅದನ್ನು ಬದಲಿಸದಂತೆ ತಡೆಯುವ ಬೀಗ ಅದು.

ಆರೂ ಜನ ಸೇರಿಸುತ್ತಿದ್ದದ್ದು ಬೇರೆ ಬೇರೆ ಸಾಲು. ಆದರೆ ಟ್ರಿಗರ್ ಎಲ್ಲರನ್ನೂ ಸ್ಟಾಕ್ ಟೇಬಲ್‌ನ ಅದೇ ಒಂದು ಸಾಲಿನ ಮುಂದೆ ತಂದು ನಿಲ್ಲಿಸುತ್ತಿತ್ತು. ಟ್ರಿಗರ್ ಮುಗಿದ ತಕ್ಷಣ ಲಾಕ್ ಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಲ್ಲ, ಕಮಿಟ್ ಆಗುವ (ಬರೆದದ್ದು ಕಾಯಂ ಆಗುವ) ತನಕ ಬಿಡುವುದಿಲ್ಲ. ನಾನು ಒಂದು ಲೋಡ್‌ನ ಎಲ್ಲ ತೂಕವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಯಾವುದೂ ಆಗದ ಗುಂಪು) ಇಟ್ಟಿದ್ದೆ, ಪ್ರತಿ ತೂಕಕ್ಕೂ ಆಗಲೇ ಚೀಟಿ, ಕಮಿಟ್ ಮಾತ್ರ ಕೊನೆಗೆ, ಹಾಗಾಗಿ ಒಂದು ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಅದೇ ಕಾಫಿ ತೂಗುವ ಉಳಿದವರೆಲ್ಲ ಕಾಯಬೇಕು.

ಇದಕ್ಕಿಂತ ಕೆಟ್ಟದ್ದು ಡೆಡ್‌ಲಾಕ್. ಒಬ್ಬರು ಪಾರ್ಚ್‌ಮೆಂಟ್ ತೂಗಿಸಿ ಚೆರಿಗೆ ಬರುತ್ತಾರೆ, ಪಕ್ಕದ ಕೌಂಟರ್‌ನವರು ಚೆರಿ ಮುಗಿಸಿ ಪಾರ್ಚ್‌ಮೆಂಟ್‌ಗೆ. ಇವರ ಲಾಕ್ ಅವರಿಗೆ ಬೇಕು, ಅವರದ್ದು ಇವರಿಗೆ. ಪೋಸ್ಟ್‌ಗ್ರೆಸ್ 1 ಸೆಕೆಂಡ್ ಕಾದು (ಮೊದಲಿನಿಂದ ಇರುವ ಸೆಟ್ಟಿಂಗ್ ಅದು) ಒಂದು ಟ್ರಾನ್ಸಾಕ್ಷನ್ ಅನ್ನು ಪೂರ್ತಿ ರದ್ದು ಮಾಡುತ್ತದೆ. ಮೊದಲ ತೂಕದ ಚೀಟಿ ಆಗಲೇ ಕೈಯಲ್ಲಿದೆ, ಡೇಟಾಬೇಸ್‌ನಲ್ಲಿ ಆ ತೂಕವೇ ಇಲ್ಲ!

ಆಲ್ದೂರು ಕಡೆಯ ವಯಸ್ಸಾದ ಬೆಳೆಗಾರರೊಬ್ಬರು ಚೀಟಿ ಹಿಡಿದು ಬಂದರು. "ಕಾಟಾ ಆಗಿದೆ, ಚೀಟಿ ಇಲ್ಲಿದೆ, ಕಂಪ್ಯೂಟರ್‌ನಲ್ಲಿ ಇಲ್ಲ ಅಂತೀರಲ್ಲ ಸಾರ್" ಎಂದರು. ವರ್ಷದ ದುಡಿಮೆ ಅದು. ನನಗೆ ಮಾತೇ ಬರಲಿಲ್ಲ.

ಈಗ ಟ್ರಿಗರ್ ಮೊತ್ತವನ್ನು ಮುಟ್ಟುವುದಿಲ್ಲ. ಬೇರೊಂದು ಟೇಬಲ್‌ಗೆ "ಇಷ್ಟು ಕಿಲೋ ಸೇರಿತು" ಅಂತ ಹೊಸ ಸಾಲು ಹಾಕುತ್ತದೆ, ಹೊಸ ಸಾಲಿಗೆ ಯಾರೂ ಯಾರನ್ನೂ ಕಾಯಬೇಕಿಲ್ಲ ಅಲ್ವಾ. ನಿಮಿಷಕ್ಕೊಮ್ಮೆ ಒಂದು ಜಾಬ್ ಅದನ್ನೆಲ್ಲ ಕೂಡಿ ಸ್ಟಾಕ್‌ಗೆ ಸೇರಿಸುತ್ತದೆ. ಮಾಲೀಕರಿಗೆ ಒಂದು ನಿಮಿಷ ಹಳೆಯ ಲೆಕ್ಕ ಸಾಕಾಯಿತು, ಇದನ್ನು ಮೊದಲೇ ಕೇಳಬೇಕಿತ್ತು. ಪ್ರತಿ ತೂಕಕ್ಕೂ ಬೇರೆ ಕಮಿಟ್, ಕಮಿಟ್ ಆದ ಮೇಲೆಯೇ ಪ್ರಿಂಟ್. ಒಟ್ಟಿಗೇ ಸಾವಿರ ಸಾಲು ತುಂಬುವವರಿದ್ದರೆ ಪ್ರತಿ ಸಾಲಿಗೂ ಓಡುವ ಟ್ರಿಗರ್ ಬಿಟ್ಟು, ಇಡೀ ಸ್ಟೇಟ್‌ಮೆಂಟ್‌ಗೆ (ಡೇಟಾಬೇಸ್‌ಗೆ ಕೊಡುವ ಒಂದು ಆದೇಶಕ್ಕೆ) ಒಮ್ಮೆ ಓಡುವುದನ್ನು ಬರೆಯಿರಿ. ಸೇರಿದ ಸಾಲುಗಳೆಲ್ಲ ಅದಕ್ಕೆ ಒಟ್ಟಿಗೇ ಸಿಗುವ ಸೌಲಭ್ಯ ಪೋಸ್ಟ್‌ಗ್ರೆಸ್ 10ರಿಂದ ಇದೆ. ಪರೀಕ್ಷೆ ಮಾಡುವಾಗ ದಯವಿಟ್ಟು ಹತ್ತು ಕನೆಕ್ಷನ್ ಒಟ್ಟಿಗೇ ಓಡಿಸಿ.

ಆಲ್ದೂರಿನ ಆ ಬೆಳೆಗಾರರ ತೂಕವನ್ನು ಚೀಟಿ ನೋಡಿ ಸೇರಿಸಿದೆವು. ಲಾಗ್‌ನಲ್ಲಿ ಡೆಡ್‌ಲಾಕ್ ಬಿದ್ದಿರುವ ಹೊತ್ತನ್ನು ಹಿಡಿದು, ಆಗ ಬಂದಿದ್ದ ಪ್ರತಿಯೊಬ್ಬ ಬೆಳೆಗಾರರಿಗೂ ಈಗ ಫೋನ್ ಮಾಡುತ್ತಿದ್ದೇವೆ.