ಪಿಕಪ್‌ಗೆ ಹಿಂದೆ ಜೋಡಿ ಟಯರ್: ಹಾಕಿ ನೋಡಿದೆ, ಬಿಚ್ಚಿಯೂ ನೋಡಿದೆ

ಸೋಮವಾರಪೇಟೆ ಕಡೆ ನಮ್ಮ ತೋಟ. ನಾಲ್ಕು ಟಯರಿನ ಹಳೇ ಪಿಕಪ್ ಒಂದಿದೆ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದು 1300 ಕೆ.ಜಿ. ನಾನು, ಜೊತೆಗೊಬ್ಬ ಆಳು ಕೂತರೆ 50 ಕೆ.ಜಿ.ಯ 23 ಮೂಟೆ ಕಾಫಿ, ಅಷ್ಟೆ. ತೂಕದಲ್ಲಿ ಕಷ್ಟವಿಲ್ಲ. ಆದರೆ ಒಣಗಿದ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಗಾತ್ರ ಜಾಸ್ತಿ. ಮೂಟೆ ಎತ್ತರಕ್ಕೆ ಏರುತ್ತದೆ. ಶಾಂತಳ್ಳಿ ಕಡೆಯ ತಿರುವುಗಳಲ್ಲಿ ಗಾಡಿಯ ಹಿಂಭಾಗ ತೂಗಾಡುವುದು ನೋಡಿದರೆ ಎದುರು ಬರುವವರೇ ಪಕ್ಕಕ್ಕೆ ಸರಿಯುತ್ತಿದ್ದರು.

"ಹಿಂದೆ ಎರಡೆರಡು ಟಯರ್ ಹಾಕಿಸಿಬಿಡಿ ಅಣ್ಣ, ಬಂಡೆ ಹಂಗೆ ನಿಲ್ಲುತ್ತೆ" ಅಂದ ಗ್ಯಾರೇಜಿನ ಹುಡುಗ. ನಾನೂ ತಲೆಯಾಡಿಸಿದೆ.

ಮೊದಲು ತಿಳಿಯಬೇಕಾದದ್ದು ಡಿಸ್ಕಿನ, ಅಂದರೆ ಟಯರ್ ಕೂರುವ ಕಬ್ಬಿಣದ ಚಕ್ರದ ವಿಷಯ. ಪಿಕಪ್‌ನ ಮಾಮೂಲಿ ಡಿಸ್ಕ್ ಎರಡನ್ನು ಒಂದರ ಮೇಲೊಂದು ಬೋಲ್ಟ್ ಮಾಡಿದರೆ ಟಯರುಗಳು ಒಂದಕ್ಕೊಂದು ತಾಗುತ್ತವೆ. ಆರು ಟಯರಿನ ಗಾಡಿಯ ಡಿಸ್ಕ್ ತಟ್ಟೆಯ ಹಾಗೆ ಆಳವಾಗಿರುತ್ತದೆ. ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದಾಗ ಮಧ್ಯೆ ಜಾಗ ಉಳಿಯುವುದು ಅದರಿಂದಲೇ. ಆ ಆಳ ನಮ್ಮ ಡಿಸ್ಕಿಗೆ ಇಲ್ಲವಲ್ಲ, ಹಾಗಾಗಿ ನಡುವೆ ಕಬ್ಬಿಣದ ಅಡಾಪ್ಟರ್ ಇಟ್ಟು ಹೊರಗಿನ ಚಕ್ರವನ್ನು ಆಚೆ ತಳ್ಳಿದರು. ಅಲ್ಲೇ ಎಡವಟ್ಟು ಶುರುವಾದದ್ದು.

ಟಾರ್ ರಸ್ತೆಯಲ್ಲಿ ಅದರ ಸುಖ ನಿಜಕ್ಕೂ ಸುಖ. ಅದನ್ನು ಇಲ್ಲ ಅನ್ನಲ್ಲ. ಮಡಿಕೇರಿಯಿಂದ ಸುಂಟಿಕೊಪ್ಪ, ಆನೆಕಾಡು ದಾಟಿ ಕುಶಾಲನಗರಕ್ಕೆ ಇಳಿಯುವಾಗ ತೂಗಾಟ ಮುಕ್ಕಾಲು ಪಾಲು ಹೋಗಿತ್ತು. ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದ ಕೈ ಬಿಗಿಯಾಗುತ್ತಿರಲಿಲ್ಲ. ಮೊದಲನೇ ವಾರ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ತೋಟದೊಳಗೆ ಬಂದ ಮೇಲೆ ಕಥೆ ಬೇರೆ. ನಮ್ಮ ಓಣಿಯಲ್ಲಿ ಮುಂದಿನ ಚಕ್ರ ಹೋದ ಗುಳಿಯಲ್ಲೇ ಹಿಂದಿನದ್ದೂ ಹೋಗಬೇಕು. ಈಗ ಒಳಗಿನ ಟಯರ್ ಗುಳಿಯಲ್ಲಿ, ಹೊರಗಿನದ್ದು ದಿಬ್ಬದ ಮೇಲೆ! ಭಾರವೆಲ್ಲ ಹೊರಗಿನದರ ಮೇಲೆ. ಎರಡರ ನಡುವೆ ಜಲ್ಲಿ ಸಿಕ್ಕಿಕೊಂಡರೆ ಹಾರೆ ಹಾಕಿ ಮೀಟಬೇಕು. ಮೀಟದೆ ಟಾರ್ ರಸ್ತೆಗೆ ಹೋದರೆ ಅದು ಟಯರಿನ ಪಕ್ಕವನ್ನು ಕಚ್ಚುತ್ತದೆ, ಇಲ್ಲಾ ಹಿಂದೆ ಬರುವವನ ಗಾಜಿಗೆ ಹಾರುತ್ತದೆ. ಮಳೆ ಬಂದ ದಿನ ಕೆಂಪು ಮಣ್ಣು ಮೆತ್ತಿಕೊಂಡು ಎರಡು ಟಯರೂ ಸೇರಿ ಒಂದೇ ಉರುಳೆ. ಖಾಲಿ ಗಾಡಿಯಂತೂ ಏರಿನಲ್ಲಿ ಜಾರಿತು. ಅಷ್ಟೇ ಭಾರ ನಾಲ್ಕು ಟಯರಿಗೆ ಹಂಚಿಹೋದರೆ ಯಾವುದೂ ಗಟ್ಟಿಯಾಗಿ ಊರುವುದಿಲ್ಲ.

ಗಾಳಿ ಹಿಡಿಸುವುದೂ ಕಾಟ. ಒಳಗಿನ ಟಯರಿನ ವಾಲ್ವ್‌ಗೆ ಕೈ ಹೋಗದು. ಅದರಲ್ಲಿ ಗಾಳಿ ಇಳಿದರೆ ಹೊರಗಿನದ್ದು ಹೊತ್ತುಕೊಂಡು ನಿಂತಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಸವೆದ ಟಯರ್ ಒಂದು, ಹೊಸದು ಒಂದು ಜೋಡಿ ಮಾಡಿದರೂ ಅದೇ ಗತಿ. ಎತ್ತರ ಇರುವುದೇ ಭಾರ ಹೊರುತ್ತದೆ.

ಹದಿನೈದನೇ ದಿನ ಎಡಗಡೆ ಹಬ್ (ಚಕ್ರ ಬೋಲ್ಟ್ ಆಗುವ ನಡುಭಾಗ) ಮುಟ್ಟಿದೆ, ಕೈ ಸುಟ್ಟಿತು. ನಟ್ಟುಗಳಲ್ಲಿ ಎರಡು ಸಡಿಲ. ಬಿಚ್ಚಿಸಿದರೆ ಬೇರಿಂಗ್ ನೀಲಿ ತಿರುಗಿತ್ತು. ನನ್ನ ಗಾಡಿಯಲ್ಲಿ ಆಕ್ಸಲ್ ಚಕ್ರವನ್ನು ತಿರುಗಿಸುವುದಷ್ಟೇ ಅಲ್ಲ, ಗಾಡಿಯ ಭಾರವನ್ನೂ ಹೊರುತ್ತದೆ. ಚಕ್ರ ಆಚೆ ಹೋದಷ್ಟೂ ಅದನ್ನು ಬಗ್ಗಿಸುವ ಬಲ ಜಾಸ್ತಿ. ಆಕ್ಸಲ್ ತುಂಡಾದರೆ ಚಕ್ರವೇ ಕಳಚಿ ಹೋಗಬಹುದು. ದೊಡ್ಡ ಲಾರಿಗಳಲ್ಲಿ ಹಾಗಲ್ಲ. ಅಲ್ಲಿ ಹಬ್ ಎರಡು ಬೇರಿಂಗ್ ಮೇಲೆ ಹೌಸಿಂಗಿನಲ್ಲೇ, ಅಂದರೆ ಆಕ್ಸಲಿನ ಹೊರಗವಚದ ಮೇಲೇ ಕೂತಿರುತ್ತದೆ, ಆಕ್ಸಲ್ ಬರೀ ತಿರುಗಿಸುವ ಕೆಲಸ ಮಾಡುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಟಯರ್ ಪಕ್ಕದಲ್ಲಿ 113/111 ಅಂತ ಬರೆದಿದ್ದರೆ, ಒಂಟಿಯಾಗಿ ಹಾಕಿದಾಗ 1150 ಕೆ.ಜಿ., ಜೋಡಿಯಲ್ಲಿ ತಲಾ 1090 ಕೆ.ಜಿ. ಹೊರಬಲ್ಲದು ಅಂತ ಅರ್ಥ. ಹಿಂದೆ ಎರಡಿದ್ದರೆ 2300, ನಾಲ್ಕಾದರೆ 4360. ಈ ಅಂಕಿ ನೋಡಿಯೇ ಬಹಳ ಜನ ಮರುಳಾಗುವುದು. ಹೌಸಿಂಗ್ ಅದೇ, ಬ್ರೇಕ್ ಅದೇ, ಚಾಸಿ ಅದೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಗುಜರಿಯಿಂದ ಆರು ಟಯರ್ ಗಾಡಿಯ ಇಡೀ ಹೌಸಿಂಗ್ ತಂದು ಕೂರಿಸುವುದು ಇನ್ನೊಂದು ದಾರಿ. ಟೇಪ್ ಹಿಡಿದು ಅಳತೆ ಮಾಡುವವರೆಗೆ ಹೋಗಿದ್ದೆ. ಸ್ಪ್ರಿಂಗ್ ಪ್ಲೇಟ್ ಕೂರುವ ಜಾಗ, ಇಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಕ್ರೌನ್ ಪಿನಿಯನ್ ಹಲ್ಲುಗಳ ಲೆಕ್ಕ, ಬ್ರೇಕ್ ಸಿಲಿಂಡರ್, ಯಾವುದೂ ಹೊಂದಲಿಲ್ಲ. ಸುಮ್ನೆ ವಾಪಸ್ ಬಂದೆ.

ಕಾನೂನು ನಾನು ಓದಿದ್ದು ಇದೆಲ್ಲ ಆದ ಮೇಲೆ. ಮೊದಲೇ ಓದಬೇಕಿತ್ತು ಅಲ್ವಾ! 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟದ್ದಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಟಯರ್ ಜಾಸ್ತಿ ಇದೆ ಅಂತ ಲೋಡ್ ಜಾಸ್ತಿ ಹಾಕಿದರೆ ಬೇರೆ 20,000, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2000.

ಹಳೇ ಚಕ್ರಕ್ಕೇ ಮರಳಿದೆ. ಪ್ಲೇಟ್ ಸೆಟ್ ಬಿಚ್ಚಿಸಿದಾಗ ಒಂದು ಪ್ಲೇಟ್ ಮುರಿದಿತ್ತು, ಬುಷ್‌ಗಳು ಸವೆದು ಹೋಗಿದ್ದವು. ತೂಗಾಟಕ್ಕೆ ಅರ್ಧ ಕಾರಣ ಅದೇ! ಕಂಪನಿ ಅಳತೆಯ ಪ್ಲೇಟ್, ಹೊಸ ಬುಷ್, ಹೊಸ ಶಾಕ್ ಹಾಕಿಸಿದೆ. ಟಯರ್ ಅದೇ ಸೈಜಿನದು, ಪ್ಲೈ (ಒಳಪದರದ ಗಟ್ಟಿತನ) ಮಾತ್ರ ಜಾಸ್ತಿ. ಬಾಗಿಲ ಬಳಿ ಬರೆದಷ್ಟೇ ಗಾಳಿ, ಸ್ವಂತ ಗೇಜಿನಲ್ಲಿ ನೋಡಿ ಹಾಕುತ್ತೇನೆ. ಜೋಡಿ ಟಯರಿನಷ್ಟು ಗಟ್ಟಿ ಅನ್ನಿಸದು. ಆದರೆ ಓಣಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಸ್ಟೆಪ್ನಿಯೂ ಒಂದೇ ಸಾಕು.

ಭಾರದ್ದೇ ಚಿಂತೆ ಇರುವವರಿಗೆ ಕಂಪನಿಯಿಂದಲೇ ಆರು ಟಯರಿನಲ್ಲಿ ಬರುವ ಗಾಡಿಯೇ ಸರಿ. 1986ರಲ್ಲಿ ಬಂದ ಟಾಟಾ 407 ನಮ್ಮ ಕಡೆ ಇನ್ನೂ ಓಡಾಡುತ್ತಿರುವುದು ಸುಮ್ಮನೆ ಅಲ್ಲ. ಬಾವನದ್ದೊಂದು ಇದೆ. ಎರಡು ದಿನ ನಾನೇ ಓಡಿಸಿದೆ. ನನ್ನ ಎರಡು ಟ್ರಿಪ್ಪಿನ ಮೂಟೆ ಒಂದೇ ಸಲ, ತಿರುವಿನಲ್ಲಿ ಅಲುಗಾಟವಿಲ್ಲ, ಹಬ್ ತಣ್ಣಗೆ. ಆದರೆ ನಮ್ಮ ಗೇಟಿನೊಳಗೆ ಬರಲಿಲ್ಲ. ಮೋರಿಯ ಹತ್ತಿರ ನಿಲ್ಲಿಸಿ ಪಿಕಪ್‌ನಲ್ಲಿ ಮೂಟೆ ಸಾಗಿಸಿ ತುಂಬಿದೆವು.

ಈಗ ಕುಯ್ಲು ಮುಗಿದ ಮೇಲೆ ಸಿಪ್ಪೆ ತೆಗೆಯುವ ಕ್ಯೂರಿಂಗ್ ಮಿಲ್ಲಿಗೆ ಕಾಫಿ ಕಳಿಸುವ ದಿನ ಬಾವನಿಗೆ ಫೋನ್ ಮಾಡುತ್ತೇನೆ. ಡೀಸೆಲ್ ನಂದು. "ಗೇಟ್ ಅಗಲ ಮಾಡಿಸೋ ಮಾರಾಯ, ಅಡಾಪ್ಟರಿಗೆ ಸುರಿದ ದುಡ್ಡಲ್ಲಿ ಆಗ್ತಿತ್ತು" ಅಂತ ಅವನು ಪ್ರತಿ ಸಲವೂ ಹೇಳುತ್ತಾನೆ.