ಸ್ವಿಂಗ್ ಅಫೆನ್ಸ್: ಏಳಡಿ ಸೆಂಟರ್ ಗೆರೆಯಾಚೆ ನಿಂತರೆ

ಬ್ಯಾಸ್ಕೆಟ್‌ಬಾಲ್‌ನ ಈ ಆಕ್ರಮಣ ಪದ್ಧತಿಗೆ ನನ್ನ ಅಂಕ: 5ಕ್ಕೆ 4. ಅಭ್ಯಾಸಕ್ಕೆ ಪೂರ್ತಿ ಒಂದು ಸೀಸನ್ ಕೊಡಲಾಗದ ತಂಡಕ್ಕೆ ಮಾತ್ರ 2.

ಕೋಚ್ ಬೋ ರಯಾನ್ ಅಮೆರಿಕದ ವಿಸ್ಕಾನ್ಸಿನ್ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಳೆಸಿದ ಪದ್ಧತಿಯಿದು. ಇದರ ಪೂರ್ತಿ ತಾಕತ್ತು ಕಂಡದ್ದು 2014-15ರಲ್ಲಿ, ಫ್ರಾಂಕ್ ಕಮಿನ್ಸ್ಕಿ ಸೆಂಟರ್ (ಸಾಮಾನ್ಯವಾಗಿ ರಿಂಗ್ ಬಳಿ ಆಡುವ ಎತ್ತರದ ಆಟಗಾರ) ಆಗಿದ್ದಾಗ. ಆ ಸೀಸನ್ ಆತನ ಸರಾಸರಿ 18.8 ಪಾಯಿಂಟ್, 8.2 ರೀಬೌಂಡ್ (ತಪ್ಪಿದ ಹೊಡೆತದ ಚೆಂಡು ಹಿಡಿಯುವುದು), ಮೂರು ಪಾಯಿಂಟ್ ಹೊಡೆತಗಳಲ್ಲಿ ಶೇ. 41ಕ್ಕೂ ಮಿಕ್ಕಿ ಬುಟ್ಟಿಗೆ ಬಿದ್ದವು.

ಕೆಲಸ ಮಾಡುವ ಬಗೆ ಹೀಗೆ. ಗಾರ್ಡ್ (ಚೆಂಡು ನಡೆಸುವ ಆಟಗಾರ) ಚೆಂಡನ್ನು ವಿಂಗ್‌ಗೆ (ಅಂಕಣದ ಬದಿಯಲ್ಲಿ ನಿಂತವನಿಗೆ) ಕೊಟ್ಟು, ಬಿಗ್ ಮ್ಯಾನ್, ಅಂದರೆ ಸೆಂಟರ್, ಹಾಕಿದ ಸ್ಕ್ರೀನ್‌ಗೆ (ಎದುರಾಳಿಯ ದಾರಿಗೆ ಮೈ ಅಡ್ಡ ನಿಲ್ಲಿಸುವುದು) ಭುಜ ಸವರಿಕೊಂಡು ರಿಂಗ್ ಕಡೆ ಓಡುತ್ತಾನೆ. ಅವನಿಗೆ ಪಾಸ್ ಸಿಗದಿದ್ದರೆ ಸ್ಕ್ರೀನ್ ಹಾಕಿದವನೇ ಮೇಲೆ ಬಂದು ಚೆಂಡು ಹಿಡಿದು ಆಚೆ ಬದಿಗೆ ದಾಟಿಸುತ್ತಾನೆ. ಇಡೀ ಪದ್ಧತಿಯ ಜಾಣತನ ಇಲ್ಲಿದೆ: ಯಾರೂ ಹೇಳದೆಯೇ ಸೆಂಟರ್ ಮೂರು ಪಾಯಿಂಟ್ ಗೆರೆಗೆ ಬಂದಿರುತ್ತಾನೆ, ಎದುರಾಳಿಯ ಶಾಟ್ ಬ್ಲಾಕರ್ (ಹೊಡೆತ ತಡೆಯುವವ) ಪೇಂಟ್ (ರಿಂಗ್ ಮುಂದಿನ ಜಾಗ) ಬಿಟ್ಟು ಅವನ ಹಿಂದೆ ಬರಬೇಕಾಗುತ್ತದೆ. ಬರದಿದ್ದರೆ ಹೊಡೆತ. ಓಡಿ ಬಂದರೆ ಒಂದು ಪಂಪ್ ಫೇಕ್ (ಹೊಡೆಯುವಂತೆ ನಟನೆ), ಎರಡು ಡ್ರಿಬಲ್, ಖಾಲಿ ರಿಂಗ್. ಕುಳ್ಳ ಗಾರ್ಡ್‌ನನ್ನು ಕಾವಲಿಗೆ ಬದಲಿಸಿದರೆ ಸೆಂಟರ್ ಮತ್ತೆ ರಿಂಗ್ ಬಳಿ ಇಳಿದು ಅದಕ್ಕೆ ಬೆನ್ನು ಕೊಟ್ಟು ಆಡುತ್ತಾನೆ.

38-0 ದಾಖಲೆಯೊಡನೆ ಬಂದಿದ್ದ ಕೆಂಟಕಿಯನ್ನು ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ 71-64ರಿಂದ ಸೋಲಿಸಿದ ಪಂದ್ಯದಲ್ಲಿ ಕಮಿನ್ಸ್ಕಿಯದು 20 ಪಾಯಿಂಟ್, 11 ರೀಬೌಂಡ್. ಫೈನಲ್‌ನಲ್ಲಿ ಡ್ಯೂಕ್ ಎದುರು 63-68ರ ಸೋಲು. ಹಾಗಾಗಿ ಇದನ್ನು ರಾಮಬಾಣ ಅನ್ನಲು ಬರುವುದಿಲ್ಲ.

ಕೊರತೆಗಳೂ ಇವೆ. ಸೆಂಟರ್ ಹೊರಗಿದ್ದಾಗ ಆಕ್ರಮಣದ ರೀಬೌಂಡ್ ಕೈತಪ್ಪುತ್ತದೆ. ಆಗ ವಿಂಗ್ ಆಟಗಾರರೇ ಒಳನುಗ್ಗಬೇಕು. ಬಿಗ್ ಮ್ಯಾನ್ ಚೆಂಡು ಹಿಡಿದು ಎರಡು ಸೆಕೆಂಡ್ ಯೋಚಿಸಿದರೆ ಆಚೆ ಬದಿಯ ರಕ್ಷಣೆ ಸರಿಹೋಗಿಬಿಡುತ್ತದೆ, ಅಷ್ಟೂ ಓಟ ದಂಡ. ಬಿಗ್ ಮ್ಯಾನ್‌ನ ಎದೆಮಟ್ಟದ ಡ್ರಿಬಲ್, ಚೆಂಡು ಕಸಿಯುವ ಎದುರಾಳಿ ಗಾರ್ಡ್‌ಗಳ ಪಾಲಿಗೆ ಹಬ್ಬದೂಟ. ತಂಡದ ಗಾರ್ಡ್‌ಗಳಿಗೂ ರಿಂಗ್ ಬಳಿ ಬೆನ್ನು ಕೊಟ್ಟು ಆಡಲು ಬರಬೇಕು, ಏಕೆಂದರೆ ಐವರೂ ಜಾಗ ಬದಲಿಸುತ್ತಾರೆ. ಎತ್ತರದವನೊಬ್ಬ ಸಿಕ್ಕಿದನೆಂದು ಇದಕ್ಕೆ ಕೈಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ನಮ್ಮ ಕಾಲೇಜು ತಂಡಗಳಿಗೆ ಇನ್ನೊಂದು ಲೆಕ್ಕವಿದೆ. ಆ ಕಾಲದ ಅಮೆರಿಕದ ಕಾಲೇಜು ಪುರುಷರ ಆಟದಲ್ಲಿ ಶಾಟ್ ಕ್ಲಾಕ್ (ಹೊಡೆತಕ್ಕೆ ಸಿಗುವ ಸಮಯ) 35 ಸೆಕೆಂಡ್, ಮೂರು ಪಾಯಿಂಟ್ ಗೆರೆ ಸುಮಾರು 6.32 ಮೀಟರ್. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ 24 ಸೆಕೆಂಡ್, 6.75 ಮೀಟರ್. ಅರ್ಧ ಅಂಕಣ ದಾಟಲು ಪೂರ್ತಿ 8 ಸೆಕೆಂಡ್ ತಿಂದರೆ ಉಳಿಯುವುದು 16. ಅಷ್ಟರಲ್ಲಿ ಚೆಂಡನ್ನು ಎರಡು ಸಲ ಬದಿ ಬದಲಿಸುವುದೇ ಹೆಚ್ಚು. ಆದ್ದರಿಂದ ಗಡಿಯಾರದಲ್ಲಿ 18 ಇರುವಾಗಲೇ ಮೊದಲ ಪಾಸ್ ವಿಂಗ್ ತಲುಪಿರಲಿ. 8 ಉಳಿದಾಗ ಪದ್ಧತಿ ಬಿಟ್ಟು ಸೆಂಟರ್ ಜೊತೆ ನೇರ ಪಿಕ್ ಅಂಡ್ ಪಾಪ್ (ಸ್ಕ್ರೀನ್ ಹಾಕಿದವನು ಹೊರಗೆ ಸರಿದು ಚೆಂಡು ಹಿಡಿಯುವ ಆಟ) ಆಡಿಸಿ.

ಸೆಂಟರ್‌ಗೆ ಹೊರಗಿನ ಹೊಡೆತ ಇನ್ನೂ ಕೂಡಿಬರದಿದ್ದರೆ? ಕಮಿನ್ಸ್ಕಿಯ ಮೊದಲ ವರ್ಷದ ಸರಾಸರಿ ಬರೀ 1.8 ಪಾಯಿಂಟ್, ಎರಡನೇ ವರ್ಷ 4.2. ಅಂಥವನನ್ನು ಮೊದಲು ಪಾಸ್ ಮಾಡುವವನಾಗಿಯೇ ಗೆರೆಯ ಹತ್ತಿರ ನಿಲ್ಲಿಸಿ. ಗುರಿ ಹತ್ತುವ ತನಕ ಹೊಡೆತದ ಒತ್ತಡ ಹಾಕಬೇಡಿ.